ಸೊಲ್ಲಿಗೆಯ ಎಣ್ಣೆಯೂ ಆಯ್ದ ಅಕ್ಕಿಯೂ

ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಊರುಗಳ ಸೀಮೆಯಲ್ಲಿ ವಳಕಮದಿನ್ನಿಯೆಂಬುದೊಂದು ಹಳ್ಳಿ. ದಿನ್ನಿಯೆಂದರೆ ಎತ್ತರದ ನೆಲ, ದಿಬ್ಬ. ರಾಯಚೂರು ಜಿಲ್ಲೆಯಲ್ಲಿ ಈ ಮಾತಿನಿಂದ ಕೊನೆಗಾಣುವ ಊರುಗಳು ಒಂದೆರಡಲ್ಲ. ಇಂಥ ಹಳ್ಳಿಗಳ ಹೆಸರು ರಾಜರ ಚರಿತ್ರೆಯಲ್ಲಿ ಬರುವುದು ಅಪರೂಪ. ಆದರೆ ಕೆರೆಯ ಏರಿಗೆ ಮಣ್ಣು ಹೊತ್ತವರಾರು, ಗುಡಿಯ ದೀಪಕ್ಕೆ ಎಣ್ಣೆ ಎರೆದವರಾರು, ಪರವೂರಿನ ವಿದ್ಯಾರ್ಥಿಗೆ ಅನ್ನವಿಕ್ಕಿದವರಾರು ಎಂದು ಕೇಳಿದರೆ ಉತ್ತರವು ಇಂಥ ಕಡೆಗಳಿಂದಲೇ ಬರಬೇಕು. ಅರಸರ ಮಹಾದಾನಗಳನ್ನು ಬದಿಗಿಟ್ಟು, ಅಲ್ಪವುಳ್ಳವರು ಕೂಡಿ ಕೊಟ್ಟ ಅಲ್ಪದಾನಗಳ ವಿಷಯವಾಗಿ ನಾವು ಈ ಹೊತ್ತು ಕೆಲವು ಮಾತುಗಳನ್ನು ಹೇಳಬೇಕೆಂದಿರುವೆವು.

ಈ ಸೀಮೆಯಲ್ಲಿ ದೊರೆತ ಅತ್ಯಂತ ಹಳೆಯ ಬರೆಹವೇ ನಮ್ಮ ವಿಷಯಕ್ಕೆ ಪೀಠಿಕೆಯಾಗಿದೆ. 1915ರಲ್ಲಿ ಚಿನ್ನದ ಅದಿರನ್ನು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರು ಮಸ್ಕಿಯ ಬಂಡೆಯೊಂದರ ಮೇಲೆ ಅಕ್ಷರಗಳನ್ನು ಕಂಡನು. ಅಲ್ಲಿಯವರೆಗೆ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿಂದ ಮಾತ್ರ ತಿಳಿದಿದ್ದ ದೊರೆಯ ಹೆಸರು ಅಶೋಕನೆಂದು ಈ ಬಂಡೆ ಸ್ಪಷ್ಟಪಡಿಸಿತು. ವಿದ್ವಾಂಸರ ಗಮನವೆಲ್ಲ ಆ ಹೆಸರಿನ ಮೇಲೆಯೇ ನಿಂತಿತು, ಅದು ಸಹಜವೇ. ಆದರೆ ಆ ಶಾಸನದ ತಾತ್ಪರ್ಯವನ್ನೂ ನಾವು ಮರೆಯಲಾಗದು. ಧರ್ಮದಲ್ಲಿ ತೊಡಗಿದ ಸಣ್ಣವನಿಗೂ ಆ ಉನ್ನತಿ ಸಾಧ್ಯ, ಅದು ದೊಡ್ಡವರ ಸೊತ್ತೆಂದು ಭಾವಿಸಬಾರದು, ಸಣ್ಣವರಿಗೂ ದೊಡ್ಡವರಿಗೂ ಇದನ್ನು ತಿಳಿಸಬೇಕು ಎಂದು ಚಕ್ರವರ್ತಿ ಅಲ್ಲಿ ಹೇಳಿಸಿದ್ದಾನೆ. ಸುಮಾರು 2200 ವರ್ಷಗಳ ಹಿಂದೆ ಈ ಮಾತು ಹುಟ್ಟಿದ್ದು ಈ ಕಲ್ಲುನೆಲದಲ್ಲಲ್ಲ. ಆದರೆ ಇಲ್ಲಿ ಅದು ಸಾರ್ಥಕವಾಯಿತೆಂಬುದಕ್ಕೆ ಮುಂದಿನ ಕಾಲದ ಕಲ್ಲುಗಳು ಸಾಕ್ಷಿ ಹೇಳುತ್ತವೆ.

ಕಲ್ಯಾಣದ ಚಾಳುಕ್ಯರ ಕಾಲದ, ಎಂದರೆ ಹನ್ನೊಂದು ಹನ್ನೆರಡನೆಯ ಶತಮಾನಗಳ, ಕನ್ನಡ ಶಾಸನಗಳನ್ನು ಓದುವವರು ಸಾಮಾನ್ಯವಾಗಿ ಮೊದಲಿನ ಪ್ರಶಸ್ತಿಯನ್ನು ಓದಿ, ಕೊನೆಯ ದಾನಭಾಗವನ್ನು ಬಿಟ್ಟುಬಿಡುವರು. ಸ್ವಾರಸ್ಯವೆಲ್ಲ ಇರುವುದು ಅಲ್ಲಿಯೇ. ಅರಸನು ಭೂಮಿಯನ್ನು ಬಿಟ್ಟಮೇಲೆ ಊರವರ ಸರದಿ ಬರುತ್ತದೆ. ತೆಲ್ಲಿಗರು ನೆರೆದು ದೇವರ ನಂದಾದೀವಿಗೆಗೆ ಗಾಣಕ್ಕೆ ಒಂದು ಸೊಲ್ಲಿಗೆಯೆಂಬಂತೆ ಎಣ್ಣೆಯನ್ನು ಬಿಡುತ್ತಾರೆ. ಎಲೆಯ ವ್ಯಾಪಾರಿಗಳು ಹೇರಿಗೆ ಇಷ್ಟು ಎಲೆಯೆಂದೂ ಅಡಕೆಯವರು ಇಷ್ಟು ಅಡಕೆಯೆಂದೂ ಗೊತ್ತುಮಾಡುತ್ತಾರೆ. ಅಯ್ಯಾವೊಳೆಯ ಐನೂರ್ವರೆಂಬ ಹೆಸರಾಂತ ವರ್ತಕ ಸಮೂಹದವರು, ಇಂದಿನ ಐಹೊಳೆಯನ್ನು ಮೂಲಸ್ಥಾನವೆಂದು ಹೇಳಿಕೊಂಡು ದೂರದೇಶಗಳವರೆಗೆ ವ್ಯಾಪಾರಮಾಡುತ್ತಿದ್ದವರು, ಸಂತೆಯ ಸರಕಿನ ಮೇಲೆ ವೀಸ, ಹಾಗಗಳ ಲೆಕ್ಕದಲ್ಲಿ ಆಯವನ್ನು ಬಿಡುತ್ತಾರೆ. ತಲೆಹೊರೆಗೆ ಒಂದು ಅಳತೆ, ಎತ್ತಿನ ಹೇರಿಗೆ ಮತ್ತೊಂದು, ಬಂಡಿಗೆ ಇನ್ನೊಂದು. ವೀಸವೆಂದರೆ ಹದಿನಾರನೆಯ ಒಂದು ಪಾಲು. ಇದನ್ನು ಕೊಟ್ಟು ಯಾವ ವರ್ತಕನೂ ಕೆಡಲಿಲ್ಲ. ಆದರೆ ಸಂತೆ ಇರುವವರೆಗೆ ಗುಡಿಗೂ ಮಠಕ್ಕೂ ಛತ್ರಕ್ಕೂ ಆದಾಯ ತಪ್ಪಲಿಲ್ಲ. ಕೆರೆಗಳ ವಿಷಯದಲ್ಲಿಯೂ ಹೀಗೆಯೇ. ಹೂಳೆತ್ತುವುದಕ್ಕೂ ಏರಿಯನ್ನು ಕಾಪಾಡುವುದಕ್ಕೂ ಬಿತ್ತುವಟ್ಟವೆಂಬ ಹೆಸರಿನಲ್ಲಿ ಭೂಮಿಯ ಪಾಲನ್ನು ಮೀಸಲಿಡುತ್ತಿದ್ದರು.

ಇಲ್ಲಿ ಒಂದು ಸಂಶಯವನ್ನು ಮುಚ್ಚಿಡುವುದು ಸರಿಯಲ್ಲ. ಇವು ದಾನಗಳೋ ತೆರಿಗೆಗಳೋ? ಐವತ್ತೊಕ್ಕಲು ತೆಲ್ಲಿಗರು ಕೂಡಿ ನಿಶ್ಚಯಿಸಿದ ಮೇಲೆ ಬಡ ಗಾಣಿಗನೊಬ್ಬನು ತಾನು ಕೊಡಲಾರೆನೆಂದು ಎದ್ದು ಹೇಳಬಹುದಾಗಿತ್ತೆ? ಹೇಳಿದ್ದರೂ ಕಲ್ಲಿನ ಮೇಲೆ ಅದನ್ನು ಕೆತ್ತುವವರಿರಲಿಲ್ಲ. ಇಂದಿಗೂ ಜಾತ್ರೆಗೋ ತೇರಿಗೋ ಮನೆಗೆ ಇಷ್ಟೆಂದು ವಂತಿಗೆ ಎತ್ತುವ ಊರುಗಳಲ್ಲಿ ಈ ಸಂಕಟ ಇದ್ದೇ ಇದೆ. ಪಟ್ಟಿಯನ್ನು ಹತ್ತು ಜನರೆದುರಿಗೆ ಓದುವುದರಿಂದ ಲೆಕ್ಕ ಶುದ್ಧವಾಗಿರುತ್ತದೆ, ನಿಜ. ಆದರೆ ಕೊಡಲಾರದವನ ಮುಖ ಕೆಳಗಾಗುವುದೂ ಅದರಿಂದಲೇ.

ಈ ಸಂಕಟಕ್ಕೆ ಉತ್ತರವನ್ನು ಕಂಡವಳು ಈ ಸೀಮೆಯವಳೇ ಆದ ಒಬ್ಬ ಹೆಣ್ಣುಮಗಳೆಂಬುದು ನಮಗೆ ಬಹಳ ಹೆಮ್ಮೆಯ ಸಂಗತಿ. ಹನ್ನೆರಡನೆಯ ಶತಮಾನದ ಶರಣದಂಪತಿಗಳಾದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಇವರು ಲಿಂಗಸುಗೂರಿನ ಕಡೆಯ ಅಮರೇಶ್ವರದವರು. ಇಬ್ಬರ ವಚನಗಳ ಅಂಕಿತದಲ್ಲಿಯೂ ಅಮರೇಶ್ವರಲಿಂಗನ ಹೆಸರಿದೆ. ಇವರು ಕಲ್ಯಾಣಕ್ಕೆ ಹೋಗಿ ನೆಲೆಸಿದರು. ಭಕ್ತರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಮಾರಯ್ಯನು ಆಯ್ದುತರುವುದು, ಲಕ್ಕಮ್ಮನು ಅದನ್ನು ಅಟ್ಟು ಜಂಗಮರಿಗೆ ನೀಡುವುದು, ಇದೇ ಅವರ ಕಾಯಕ, ಇದೇ ದಾಸೋಹ. ಒಂದು ದಿನ ಬಸವಣ್ಣನವರು ಪರೀಕ್ಷಿಸುವುದಕ್ಕಾಗಿ ಅಂಗಳದಲ್ಲಿ ಹೆಚ್ಚು ಅಕ್ಕಿಯನ್ನು ಚೆಲ್ಲಿಸಿದರಂತೆ. ಮಾರಯ್ಯನು ಸಂತೋಷದಿಂದ ಎಂದಿಗಿಂತ ಹೆಚ್ಚಾಗಿ ತಂದನು. ಲಕ್ಕಮ್ಮನು ಒಲೆಯ ಮುಂದಿನಿಂದ ಎದ್ದು, ಇದು ನಮ್ಮದಲ್ಲ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿಸಿದಳು. ಪರಂಪರೆಯ ಕಥೆ ಇಷ್ಟೆ. ದಾನಕ್ಕೆ ಕನಿಷ್ಠ ಅಳತೆಯನ್ನು ಗೊತ್ತುಮಾಡಿದವರನ್ನು ನಾವು ಶಾಸನಗಳಲ್ಲಿ ಕಾಣುವೆವು. ಸಂಗ್ರಹಕ್ಕೆ ಗರಿಷ್ಠ ಅಳತೆಯನ್ನು ಗೊತ್ತುಮಾಡಿದವರನ್ನು ಇನ್ನೆಲ್ಲಿಯೂ ಅಷ್ಟು ಸ್ಪಷ್ಟವಾಗಿ ಕಾಣೆವು. ಧರ್ಮಕಾರ್ಯಕ್ಕೆಂದರೂ ಮಿತಿಮೀರಿ ಕೂಡಿಹಾಕಬಾರದೆಂಬ ಈ ನಿಯಮವನ್ನು ನಿಧಿಸಂಗ್ರಹದ ಸಮಿತಿಗಳಲ್ಲಿ ಎಷ್ಟು ಪಾಲಿಸುತ್ತಿರುವರೆಂಬುದನ್ನು ನಾವು ಕೇಳದಿರುವುದೇ ವಾಸಿ.

ಅಡುಗೆಯ ಅಕ್ಕಿಯೇ ಮುಂದೆ ನಮ್ಮ ವಿದ್ಯಾಸಂಸ್ಥೆಗಳ ಮೂಲಧನವಾಯಿತು. ಗೃಹಿಣಿಯು ದಿನವೂ ಎಸರಿಗೆ ಹಾಕುವ ಮುನ್ನ ಒಂದು ಹಿಡಿಯನ್ನು ಬೇರೆ ಮಡಕೆಯಲ್ಲಿ ಹಾಕಿಡುವಳು. ತಿಂಗಳಿಗೊಮ್ಮೆ ಸಂಸ್ಥೆಯವರು ಬಂದು ಒಯ್ಯುವರು. ಇದೇ ಮುಷ್ಟಿಯಕ್ಕಿ. ನೂರು ಮನೆಗಳಿದ್ದರೆ ತಿಂಗಳಿಗೆ ಮೂರು ಸಾವಿರ ಹಿಡಿಯಾಯಿತು. ಹಣದ ಚೀಲ ಗಂಡಸರ ಕೈಯಲ್ಲಿದ್ದ ಕಾಲದಲ್ಲಿ ಅಕ್ಕಿಯ ಮಡಕೆ ಮಾತ್ರ ಹೆಂಗಸರ ಅಧೀನದಲ್ಲಿತ್ತು. ಆದುದರಿಂದ ಯಾರ ಅಪ್ಪಣೆಯನ್ನೂ ಬೇಡದೆ ಕೊಡಬಹುದಾಗಿದ್ದ ದಾನ ಇದೊಂದೇ. ದೂರದ ಮಿಜೋ ಗುಡ್ಡಗಳಲ್ಲಿಯೂ ಕ್ರೈಸ್ತ ಸ್ತ್ರೀಯರು 1910ರ ಸುಮಾರಿನಿಂದ ತಮ್ಮ ಚರ್ಚಿಗಾಗಿ ಇದೇ ರೀತಿ ಹಿಡಿಯಕ್ಕಿಯನ್ನು ಎತ್ತಿಡುತ್ತ ಬಂದಿರುವರೆಂದರೆ, ಬಡತನದಲ್ಲಿ ಹುಟ್ಟುವ ಉಪಾಯಗಳು ಎಲ್ಲೆಡೆಯೂ ಒಂದೇ ತೆರನೆಂದು ತೋರುತ್ತದೆ.

ಮತ್ತೊಂದು ಉಪಾಯ ವಾರಾನ್ನ. ಓದಲೆಂದು ಪಟ್ಟಣಕ್ಕೆ ಬಂದ ಬಡ ಹುಡುಗನು ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ಸೋಮವಾರ ಒಂದು ಮನೆ, ಮಂಗಳವಾರ ಮತ್ತೊಂದು ಮನೆಯೆಂದು ಉಣ್ಣುವನು. ಯಾವ ಮನೆಗೂ ಭಾರವಿಲ್ಲ. ಏಕಾದಶಿಯು ಆಚಾರವಂತರ ಮನೆಯ ವಾರದಂದು ಬಿದ್ದರೆ ಮನೆಯವರ ಸಂಗಡ ಹುಡುಗನಿಗೂ ಉಪವಾಸ! ಧಾರವಾಡ, ಮೈಸೂರು, ಬೆಂಗಳೂರುಗಳಲ್ಲಿ ಹೀಗೆ ಉಂಡು ಓದಿ ಮೇಲೆ ಬಂದವರ ಸಂಖ್ಯೆ ಸಣ್ಣದಲ್ಲ.

ಆದರೆ ಆ ಏಳು ಬಾಗಿಲುಗಳು ಯಾರಿಗೆ ತೆರೆದಿದ್ದುವು? ವಾರಾನ್ನದ ಮನೆಯವರು ಹುಡುಗನ ಬುದ್ಧಿಯನ್ನು ವಿಚಾರಿಸುವ ಮೊದಲು ಅವನ ಜಾತಿಯನ್ನು ವಿಚಾರಿಸುತ್ತಿದ್ದರು. ಕೆಲವು ಜಾತಿಗಳ ಮಕ್ಕಳಿಗೆ ಪಟ್ಟಣದಲ್ಲಿ ಒಂದು ಮನೆಯೂ ಇರಲಿಲ್ಲ. ಸಮುದಾಯಗಳು ತಮ್ಮ ತಮ್ಮವರಿಂದ ಹಣ ಕೂಡಿಸಿ ವಿದ್ಯಾರ್ಥಿನಿಲಯಗಳನ್ನು ಕಟ್ಟಿದುದು ಈ ಕೊರತೆಯಿಂದಲೇ. ಆ ನಿಲಯಗಳಲ್ಲಿಯೂ ಬಹುಕಾಲ ಅದೇ ಗೋಡೆ ನಿಂತಿತು. ಇದನ್ನು ದಾಟಿದವರನ್ನು ಹೆಸರಿಸಲೇಬೇಕು. ತುಮಕೂರಿನ ಸಿದ್ಧಗಂಗೆಯಲ್ಲಿ ಉದ್ಧಾನಸ್ವಾಮಿಗಳು 1917ರಲ್ಲಿ ಸಂಸ್ಕೃತ ಪಾಠಶಾಲೆಯನ್ನು ತೆರೆದರು. ಅವರ ಬಳಿಕ 1941ರಲ್ಲಿ ಪೀಠವೇರಿ 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರಸ್ವಾಮಿಗಳು ಜೋಳಿಗೆ ಹಿಡಿದು ಹಳ್ಳಿಹಳ್ಳಿ ತಿರುಗಿ, ರೈತರು ಕೊಟ್ಟ ರಾಗಿಯಿಂದ ಎಲ್ಲ ಜಾತಿಯ ಮಕ್ಕಳಿಗೂ ಒಂದೇ ಪಂಕ್ತಿಯಲ್ಲಿ ಅನ್ನವಿಕ್ಕಿಸಿದರು.

ನಮ್ಮ ಸೀಮೆಯ ಮಾತಿಗೆ ಮರಳುವ. ರಾಯಚೂರು 1948ರವರೆಗೆ ನಿಜಾಮರ ಆಳಿಕೆಯಲ್ಲಿದ್ದುದರಿಂದ ಅಲ್ಲಿ ಉನ್ನತ ಶಿಕ್ಷಣವು ಹೆಚ್ಚಾಗಿ ಉರ್ದುವಿನಲ್ಲಿ ನಡೆಯುತ್ತಿತ್ತು. ಕನ್ನಡಿಗರ ಮಕ್ಕಳಿಗೆ ಶಾಲೆ ಬೇಕಾದರೆ ಖಾಸಗಿ ಪ್ರಯತ್ನವೇ ಗತಿ. ಕಲಬುರಗಿಯ ನೂತನ ವಿದ್ಯಾಲಯ 1907ರಲ್ಲಿ ಹೀಗೆ ಹುಟ್ಟಿತು. 1920ರ ದಶಕದ ಮೊದಲ ವರ್ಷಗಳಲ್ಲಿ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಒಂದು ಶಾಲೆಯನ್ನು ಸ್ಥಾಪಿಸಿದರು. ಮಂಗಳೂರಿನಲ್ಲಿ ಹುಟ್ಟಿದ ಈ ವೈದ್ಯರು ಹಿಂದೂ ಮುಸಲ್ಮಾನರ ಐಕಮತ್ಯವನ್ನು ವ್ರತವಾಗಿ ಹಿಡಿದವರು. ಶಾಲೆಗೆ ಅವರು ದೇವರ ಹೆಸರನ್ನಾಗಲಿ ದಾನಿಯ ಹೆಸರನ್ನಾಗಲಿ ಇಡಲಿಲ್ಲ. ಹಮ್‌ದರ್ದ್ ಎಂದು ಕರೆದರು. ಆ ಮಾತಿಗೆ ಜೊತೆಯಲ್ಲಿ ನೋಯುವವನೆಂದು ಅರ್ಥ.