ಗೋಡೆಯ ಸೊಳ್ಳೆ, ಕಾಡಿನ ಉಣ್ಣೆ

ಹಳಿಯಾಳ, ಯಲ್ಲಾಪುರದ ಕಡೆಯಿಂದ ಹೆಣ್ಣು ಕೇಳಲು ಬಂದರೆ, "ಬ್ಯಾಡ್ರೀ, ಆ ಜ್ವರದ ಸೀಮಿಗೆ ಹುಡುಗೀನ್ನ ಕೊಡೂದಿಲ್ಲ" ಎಂದು ನಮ್ಮ ಹಿರಿಯರು ಕಡ್ಡಿ ಮುರಿದಂತೆ ಹೇಳುತ್ತಿದ್ದರೆಂದು ಅಜ್ಜಿಯಿಂದ ಕೇಳಿದ್ದೇನೆ. ಆ ಜ್ವರವೇ ಮಲೇರಿಯಾ. ಅದರ ಬೆನ್ನು ಹತ್ತಿದವರಲ್ಲಿ ಟಿ. ರಾಮಚಂದ್ರರಾವ್ ಒಬ್ಬರು. ನಮ್ಮ ಶಾಲೆಯ ಪಠ್ಯದಲ್ಲಿ ಅವರ ಹೆಸರನ್ನು ನಾನು ಕಂಡಿಲ್ಲ.

ರಾವ್ ಕೀಟಶಾಸ್ತ್ರಜ್ಞರು. ಆಗ ಧಾರವಾಡ, ಕಾರವಾರ ಎರಡೂ ಮುಂಬಯಿ ಪ್ರಾಂತದಲ್ಲಿದ್ದವು. ಬೆಟ್ಟದ ಝರಿಯಲ್ಲಿ ಹುಟ್ಟುವ ಸೊಳ್ಳೆ ರಾತ್ರಿ ಮನೆಗೆ ಬಂದು ಕಚ್ಚುತ್ತದೆ, ಗೋಡೆಯ ಮೇಲೆ ಕೂಡುತ್ತದೆ. ಹಾಗಾದರೆ ಗೋಡೆಗೇ ಔಷಧ ಹೊಡೆದರಾಯಿತಲ್ಲ! ಡಿ.ಕೆ. ವಿಶ್ವನಾಥನ್ ಮತ್ತು ರಾವ್ ಈ ಎರಡು ಜಿಲ್ಲೆಗಳ ಹಳ್ಳಿಮನೆಗಳಲ್ಲಿ ಡಿಡಿಟಿ ಸಿಂಪಡಿಸಿ, ಮೊದಲ ವರ್ಷದ ಫಲವನ್ನು 1947ರಲ್ಲಿ ಪ್ರಕಟಿಸಿದರು. ಡಿಡಿಟಿಯ ಕೇಡು ಗೊತ್ತಾದದ್ದು ಆಮೇಲೆ. ಅಂದು ಅದು ತಾಯಂದಿರ ಪಾಲಿಗೆ ವರವೇ ಆಗಿತ್ತು.

ಇತ್ತ 1952ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರ ಆರಂಭವಾಯಿತು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲ ಹಳ್ಳಿಗಳಲ್ಲಿ ಜ್ವರ, ಸಾವು. ಆಫ್ರಿಕಾ, ದಕ್ಷಿಣ ಅಮೆರಿಕದ ಹಳದಿ ಜ್ವರವೇ ಇಲ್ಲಿಗೂ ಬಂತೇ ಎಂದು ವಿಜ್ಞಾನಿಗಳು ಗಾಬರಿಯಾದರು. ಪುಣೆಯಿಂದ ಧಾವಿಸಿದ ಟೆಲ್ಫೋರ್ಡ್ ವರ್ಕ್ ಮತ್ತು ಸಂಗಡಿಗರು ಕಂಡದ್ದು ಬೇರೆಯೇ: ರಷ್ಯಾದ ಕಾಡುಗಳ ವೈರಸ್ಸಿನ ಹತ್ತಿರದ ಬಂಧು, ಹರಡುವುದು ಸೊಳ್ಳೆಯಲ್ಲ, ಉಣ್ಣೆ. ಅದೇ ಮಂಗನ ಕಾಯಿಲೆ. ಮಂಗ ಪಾಪ, ತಾನೇ ರೋಗಿ. ಹೆಸರು ಮಾತ್ರ ಅದರದ್ದು.

1960ರ ದಶಕದಲ್ಲಿ ರಾವ್ ಈ ಕೇಂದ್ರದ ನಿರ್ದೇಶಕರಾದರು. ಕಲ್ಕತ್ತ, ಮದ್ರಾಸುಗಳಲ್ಲಿ ಚಿಕುನ್‌ಗುನ್ಯಾ ಎದ್ದಾಗ ಅದರ ಬಗೆಗೂ ಬರೆದರು. ಭಾರತದ ಅನಾಫಿಲಿಸ್ ಸೊಳ್ಳೆಗಳ ಮೇಲಿನ ಅವರ ದೊಡ್ಡ ಗ್ರಂಥ ಬಂದದ್ದು 1981ರಲ್ಲಿ.

ಮಲೇರಿಯಾಕ್ಕೆ ಗೋಡೆ ಇತ್ತು. ಈ ಜ್ವರಕ್ಕೆ ಗೋಡೆ ಎಲ್ಲಿ? ಕಾಡು ಕಡಿದಲ್ಲಿ ದನ ಮೇಯುತ್ತವೆ, ದನದ ಮೈಯಲ್ಲಿ ಉಣ್ಣೆ ಬೆಳೆದು ತರಗೆಲೆಗೆ ಉದುರುತ್ತದೆ. ಆ ತರಗೆಲೆ ಗುಡಿಸಿ ಬುಟ್ಟಿ ತುಂಬುವವರು ಮಲೆನಾಡಿನ ಹೆಣ್ಣುಮಕ್ಕಳು. ಕೊಟ್ಟಿಗೆಗೆ ಸೊಪ್ಪು, ಒಲೆಗೆ ಕಟ್ಟಿಗೆ ಬೇಡವೇ? ಕಾಡಿಗೆ ಹೋಗಬೇಡಿ ಎನ್ನುವುದು ಪೇಟೆಯಲ್ಲಿ ಗ್ಯಾಸ್ ಹಚ್ಚುವ ನಮಗೆ ಸುಲಭ.

2019ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಮತ್ತೆ ಸಾವುಗಳಾದವು. ಹಲವು ವರ್ಷ ಕೊಟ್ಟ ಲಸಿಕೆ ಸಾಲದೆಂದು 2022ರಲ್ಲಿ ನಿಂತಿತು. ಚಳಿಗಾಲ ಬಂತೆಂದರೆ ಅಲ್ಲಿನ ಹೆಂಗಸರು ಈಗಲೂ ಕೈಕಾಲಿಗೆ ಉಣ್ಣೆ ತಡೆಯುವ ಎಣ್ಣೆ ಹಚ್ಚಿಕೊಂಡು ಕಾಡಿಗೆ ಹೋಗುತ್ತಾರೆ. ಬಂದೊಡನೆ ಸೀರೆ ಬಿಸಿನೀರಿಗೆ ಹಾಕಿ, ಮೈ ತಿಕ್ಕಿ ತೊಳೆದುಕೊಳ್ಳುತ್ತಾರೆ.