ತಾಡವೋಲೆಯ ಕಟ್ಟುಗಳ ಸ್ಥಳಾಂತರ

ಶಿಲಾಶಾಸನವು ಇದ್ದಲ್ಲಿಯೇ ಇರುತ್ತದೆ. ನಮ್ಮ ಹುನಗುಂದ ಸೀಮೆಯ ಐಹೊಳೆಯಲ್ಲಿ ಕ್ರಿ. ಶ. 634ರಲ್ಲಿ ರವಿಕೀರ್ತಿಯು ಮೇಗುತಿಯ ಗೋಡೆಯ ಮೇಲೆ ಬರೆಯಿಸಿದ ಶಾಸನವು ಇಂದಿಗೂ ಅದೇ ಗೋಡೆಯ ಮೇಲಿರುವುದು. ತಾಡವೋಲೆಯ ಸ್ಥಿತಿ ಹಾಗಲ್ಲ. ಅದು ಜನರೊಡನೆ ನಡೆಯತಕ್ಕ ವಸ್ತು. ಕಲ್ಯಾಣದ ವಿಪ್ಲವದ ತರುವಾಯ ಶರಣರು ವಚನದ ಕಟ್ಟುಗಳನ್ನು ಹೊತ್ತು ಚನ್ನಬಸವಣ್ಣನವರೊಡನೆ ಉಳವಿಯತ್ತ ಸಾಗಿದರೆಂದು ನಮ್ಮ ಪರಂಪರೆಯು ಹೇಳುತ್ತದೆ. ನಮ್ಮ ಧರ್ಮಸಾಹಿತ್ಯದ ಮೊದಲನೆಯ ಸ್ಥಳಾಂತರವು ಅದೇ ಎನ್ನಬಹುದು.

ಈ ವಿಷಯವು ನಮ್ಮ ಸೀಮೆಗೆ ಹೊರಗಿನದಲ್ಲ. 1982ರಲ್ಲಿ ನಾರಾಯಣಪುರದ ಬಸವಸಾಗರವು ಪೂರ್ಣಗೊಂಡು ಕೃಷ್ಣೆಯ ಹಿನ್ನೀರು ಕೂಡಲಸಂಗಮವನ್ನು ಮುಟ್ಟಿತು. ಅಲ್ಲಿ ಐಕ್ಯಮಂಟಪದ ಸುತ್ತಲೂ ಬಾವಿಯಂತೆ ಗೋಡೆಯನ್ನೆತ್ತಿ ಅದನ್ನು ಇದ್ದ ಸ್ಥಳದಲ್ಲಿಯೇ ಕಾಪಾಡಿದರು. ಮುಂದೆ ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಒಂದು ಭಾಗವನ್ನು ಆವರಿಸಲು ಅಲ್ಲಿಯ ಜನರು ನವನಗರಕ್ಕೆ ಹೋಗಬೇಕಾಯಿತು. 2010ರಲ್ಲಿ ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಾಧಿಕರಣವು ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಅನುಮತಿಯನ್ನಿತ್ತಿತು. ನೀರು ಆ ಮಟ್ಟಕ್ಕೆ ಏರಿದಂದು ಇನ್ನೂ ಹಲವು ಮನೆಗಳ ಅಟ್ಟಗಳು ಬರಿದಾಗುವವು. ಮನೆಗೆ, ಹೊಲಕ್ಕೆ ಪರಿಹಾರವುಂಟು. ಅಟ್ಟದ ಮೇಲಿನ ಓಲೆಗೆ ಪರಿಹಾರದ ಲೆಕ್ಕವಿಲ್ಲ.

ಅಟ್ಟದ ಓಲೆಯ ಬೆಲೆಯನ್ನು ನಮಗೆ ತಿಳಿಸಿಕೊಟ್ಟವರು ವಿಜಾಪುರದ ವಕೀಲರಾದ ಶ್ರೀ ಫ. ಗು. ಹಳಕಟ್ಟಿಯವರು (1880-1964). ಅವರು ಊರೂರು ತಿರುಗಿ, ಮಠಗಳಲ್ಲಿಯೂ ಗೃಹಸ್ಥರ ಮನೆಗಳಲ್ಲಿಯೂ ದೇವರ ಜಗುಲಿಯ ಮೇಲೆ ಪೂಜೆಗೊಳ್ಳುತ್ತ ಕುಳಿತಿದ್ದ ಕಟ್ಟುಗಳನ್ನು ಬೇಡಿ ತಂದರು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಹೊರಗೆಡಹಿದರು, ಇದ್ದ ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು, 1926ರಲ್ಲಿ ‘ಶಿವಾನುಭವ’ವನ್ನು ಆರಂಭಿಸಿದರು. ಪೂಜೆಗೊಂಡ ಓಲೆಯು ಓದಿಸಿಕೊಂಡುದು ಅಂದಿನಿಂದ. ಓದದೆ ಪೂಜಿಸುವ ಭಕ್ತಿಯು ಓಲೆಯನ್ನು ಉಳಿಸಿತೆಂಬುದೂ ನಿಜವೇ. ಅದನ್ನು ಹಗುರಾಗಿ ನುಡಿಯುವುದು ಸಲ್ಲದು.

ಇನ್ನು ಪ್ರಕೃತಕ್ಕೆ ಬರೋಣ. ಕಟ್ಟುಗಳನ್ನು ಹೊಸ ಕಟ್ಟಡಕ್ಕೆ ಒಯ್ಯುವಾಗ ನೀರು, ಬೆಂಕಿ, ಗೆದ್ದಲುಗಳ ಭಯವನ್ನು ಎಲ್ಲರೂ ಅರಿತಿರುವರು. ಅವುಗಳಿಗಿಂತ ದೊಡ್ಡ ಹಾನಿಯು ಶುಚಿಗೊಳಿಸುವ ಉತ್ಸಾಹದಿಂದ ಆಗುತ್ತದೆ. ಹಳೆಯ ಅರಿವೆಯನ್ನು ಎಸೆದು ಹೊಸ ಕೆಂಪು ಅರಿವೆಯನ್ನು ಸುತ್ತುವರು. ಸಣ್ಣ ಕಟ್ಟುಗಳನ್ನು ಕೂಡಿಸಿ ದೊಡ್ಡದೊಂದನ್ನು ಮಾಡುವರು. ಅಳತೆಗೆ ಸರಿಬಾರದ ಗರಿಗಳನ್ನು ಬೇರೆ ತೆಗೆದಿಡುವರು. ಓಲೆಯ ಕೊನೆಯ ಪುಷ್ಪಿಕೆಯಲ್ಲಿ ಲಿಪಿಕಾರನು ಬಹುಶಃ ಸಂವತ್ಸರದ ಹೆಸರನ್ನಷ್ಟೇ ಬರೆದಿರುತ್ತಾನೆ. ಸಂವತ್ಸರವು 60 ವರ್ಷಗಳಿಗೊಮ್ಮೆ ಮರಳಿ ಬರುವುದು. ಶಕವರ್ಷವಿಲ್ಲದ ಆ ಓಲೆಯು ಯಾವ ಶತಮಾನದ್ದೆಂದು ನಿರ್ಣಯಿಸಲು ಅದು ಯಾವ ಮಠದ್ದು, ಯಾವ ಗುರುಗಳ ಕಾಲದ ಕಟ್ಟುಗಳ ನಡುವೆ ಇತ್ತು, ಅದರ ಹಲಗೆಯ ಮೇಲೆ ಯಾರ ಹೆಸರಿತ್ತು ಎಂಬಿವೇ ಆಧಾರ. ಕಟ್ಟು ಬೆರೆತರೆ ಆಧಾರವು ಹೋಯಿತು. ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 15 ಸಂಪುಟಗಳಾಗಿ ಹೊರಬಂದ ಸಮಗ್ರ ವಚನ ಸಂಪುಟದಂತಹ ಕಾರ್ಯಗಳಿಗೆ ಬೇಕಾದುದು ಗುರುತು ಕೆಡದ ಪ್ರತಿಗಳೇ.

ಆದುದರಿಂದ ಮೊದಲು ಕೈಯಿಕ್ಕತಕ್ಕದ್ದು ಯಾದಿಗೆ, ಕಟ್ಟಿಗಲ್ಲ. ಯಾವ ಗೂಡಿನಲ್ಲಿ, ಎಷ್ಟನೆಯದಾಗಿ, ಎಷ್ಟು ಗರಿ, ಮೊದಲ ಗರಿಯ ಆರಂಭವೇನು, ಕಡೆಯ ಗರಿಯ ಪುಷ್ಪಿಕೆಯೇನು ಎಂಬುದನ್ನು ಎರಡು ಪ್ರತಿಗಳಲ್ಲಿ ಬರೆದು, ಒಂದನ್ನು ಹಳೆಯ ಸ್ಥಳದಲ್ಲಿಯೂ ಇನ್ನೊಂದನ್ನು ಹೊಸ ಸ್ಥಳದಲ್ಲಿಯೂ ಇರಿಸಬೇಕು. ಹುಳು ಹತ್ತಿದ ಕಟ್ಟುಗಳನ್ನು ಬೇರ್ಪಡಿಸಬೇಕು. ಇಲ್ಲವಾದರೆ ಹುಳುವೂ ಹೊಸ ಕಟ್ಟಡಕ್ಕೆ ಬರುವುದು. ಬಿಸಿಲಿಗೆ ಹರವಲಾಗದು, ಗರಿ ಸೀಳುವುದು. ದಾರವನ್ನು ಬಿಗಿಯಬಾರದು, ಅಂಚು ಮುರಿಯುವುದು. ಹಲಗೆಗಳ ನಡುವೆ ಕಟ್ಟನ್ನು ಅಡ್ಡಲಾಗಿ ಮಲಗಿಸಿ, ಸಂದುಗಳಲ್ಲಿ ಮೆತ್ತನೆಯ ಹತ್ತಿಯ ಅರಿವೆಯನ್ನು ತುಂಬಬೇಕು. ಬೇವಿನೆಲೆ, ಬಜೆಗಳನ್ನು ಪೆಟ್ಟಿಗೆಯಲ್ಲಿ ಇಡುವ ಹಿರಿಯರ ವಾಡಿಕೆಯು ಒಳ್ಳೆಯದೇ. ಹೊಸ ಗಿಲಾವಿನ ಗೋಡೆಯು ಬಹುಕಾಲ ತೇವವನ್ನು ಬಿಡುತ್ತಿರುವುದರಿಂದ ಹೊಸ ಕೋಣೆಯು ಒಂದು ಬೇಸಗೆಯನ್ನು ಕಂಡ ಮೇಲೆಯೇ ಕಟ್ಟುಗಳು ಒಳಹೋಗಲಿ. ಉದ್ಘಾಟನೆಯ ಮುಹೂರ್ತಕ್ಕಾಗಿ ಅವಸರಪಡಬಾರದೆಂದು ಭಕ್ತರಲ್ಲಿ ವಿನಂತಿ.

ಓಲೆಯಲ್ಲದ ಕಾಗದಗಳ ವಿಷಯದಲ್ಲಿ ಅನಾದರವು ಇನ್ನೂ ಹೆಚ್ಚು. ಕಡತಗಳು, ಮೋಡಿಯ ಲಿಪಿಯ ಚೀಟಿಗಳು, ದಾಸೋಹದ ಧಾನ್ಯದ ಲೆಕ್ಕಗಳು “ಬರಿಯ ಲೆಕ್ಕ”ವೆಂದು ಒಲೆಯನ್ನು ಸೇರಿದುದುಂಟು. 1852ರ ಕಾಯಿದೆಯ ಬಲದಿಂದ ಮುಂಬಯಿ ಸರಕಾರದ ಇನಾಮ್ ಕಮಿಶನ್ನು ಸನದುಗಳನ್ನು ತಪಾಸಿಸಿದಾಗ, ಕಾಗದವನ್ನು ತೋರಿಸಲಾರದವರ ಭೂಮಿಗೆ ಕಂದಾಯ ಬಿದ್ದಿತು. ಮಠದ ಹೊಲವನ್ನು ಯಾರು ಉತ್ತರು, ಬರಗಾಲದಲ್ಲಿ ಎಷ್ಟು ಜನರು ಉಂಡರು ಎಂಬುದನ್ನು ತಿಳಿಸಬಲ್ಲವು ಅವೇ.

ಎಲ್ಲವೂ ಸಾಗಿದ ಮೇಲೆ ಹಳೆಯ ಕೋಣೆಯ ಕಸವನ್ನು ಹೊರಗೆ ಚೆಲ್ಲಬಾರದು. ಅದನ್ನು ಗೂಡುಗೂಡಾಗಿ ಗುಡಿಸಿ, ಸಾಣಿಗೆಯಲ್ಲಿ ಸೋಸಿ, ಅಕ್ಷರವಿರುವ ಚೂರುಗಳನ್ನು ಆಯ್ದು, ಆಯಾ ಗೂಡಿನ ಸಂಖ್ಯೆಯನ್ನು ಬರೆದ ಲಕೋಟೆಯಲ್ಲಿ ಹಾಕಿ, ಆ ಗೂಡಿನ ಕಟ್ಟುಗಳ ಸಂಗಡವೇ ಇಡತಕ್ಕದ್ದು.