ಸ್ಟ್ಯಾಟಿನ್ ಮತ್ತು ರಕ್ತದ ಸಕ್ಕರೆ: ಏರಿಕೆಯ ಅಳತೆ, ಅದರ ಅರ್ಥ

ಕೊಲೆಸ್ಟ್ರಾಲ್ ಮಾತ್ರೆ ಶುರುಮಾಡಿದ ಕೆಲವು ತಿಂಗಳಲ್ಲೇ ಅದನ್ನು ತಾವಾಗಿ ನಿಲ್ಲಿಸಿಬಿಡುವ ಮಧುಮೇಹಿಗಳಿದ್ದಾರೆ. ಕಾರಣ ಕೇಳಿದರೆ ‘ಅದರಿಂದಲೇ ಶುಗರ್ ಜಾಸ್ತಿಯಾಯ್ತು’ ಎನ್ನುತ್ತಾರೆ. ಈ ಮಾತನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಕೊಲೆಸ್ಟ್ರಾಲ್ ತಗ್ಗಿಸುವ ಸ್ಟ್ಯಾಟಿನ್ ಗುಂಪಿನ ಔಷಧಗಳು ಸಕ್ಕರೆಯನ್ನು ಏರಿಸುವುದು ನಿಜ. ಆದರೆ ಎಷ್ಟು, ಯಾರಲ್ಲಿ ಎಂದು ಅಳೆಯದೆ ಮಾತ್ರೆ ಬಿಡುವವರು ಸಣ್ಣ ನಷ್ಟಕ್ಕೆ ಹೆದರಿ ದೊಡ್ಡ ರಕ್ಷಣೆಯನ್ನು ಕೈಬಿಡುತ್ತಾರೆ ಎಂಬುದು ಈ ಲೇಖನದ ವಾದ.

ಅನುಮಾನ ಗಟ್ಟಿಯಾದದ್ದು 2008ರಲ್ಲಿ. 17,802 ಜನರ ಮೇಲೆ ನಡೆದ ‘ಜುಪಿಟರ್’ ಪ್ರಯೋಗದಲ್ಲಿ ರೊಸುವಾಸ್ಟ್ಯಾಟಿನ್ ಪಡೆದವರಲ್ಲಿ 270 ಮಂದಿಗೆ, ಹುಸಿಮಾತ್ರೆ ಪಡೆದವರಲ್ಲಿ 216 ಮಂದಿಗೆ ಹೊಸದಾಗಿ ಮಧುಮೇಹ ಕಾಣಿಸಿತು. ಎರಡು ವರ್ಷಗಳ ನಂತರ 13 ಪ್ರಯೋಗಗಳ 91,140 ಜನರ ಮಾಹಿತಿಯನ್ನು ಒಟ್ಟುಗೂಡಿಸಿದಾಗ ಈ ಸಾಧ್ಯತೆ ಶೇ 9ರಷ್ಟು ಹೆಚ್ಚೆಂದು ತಿಳಿಯಿತು. ಅಂದರೆ 255 ಮಂದಿ ನಾಲ್ಕು ವರ್ಷ ಮಾತ್ರೆ ತೆಗೆದುಕೊಂಡರೆ ಒಬ್ಬರಿಗೆ ಹೆಚ್ಚುವರಿಯಾಗಿ ಮಧುಮೇಹ. 2012ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಎಚ್ಚರಿಕೆಯನ್ನು ಔಷಧದ ಮಾಹಿತಿಪತ್ರಕ್ಕೆ ಸೇರಿಸಿತು.

‘ಹೊಸ ಮಧುಮೇಹ’ ಎಂಬ ಮಾತಿನ ಹಿಂದೆ ಏನಿದೆ ಎಂಬುದನ್ನು ತೆರೆದು ತೋರಿಸಿದ್ದು ಕೊಲೆಸ್ಟ್ರಾಲ್ ಟ್ರೀಟ್‌ಮೆಂಟ್ ಟ್ರಯಲಿಸ್ಟ್ಸ್ ಕೂಟದ 2024ರ ವಿಶ್ಲೇಷಣೆ. ಕಡಿಮೆ ಹಾಗೂ ಮಧ್ಯಮ ತೀವ್ರತೆಯ ಚಿಕಿತ್ಸೆಯಲ್ಲಿ ಹೊಸ ಪ್ರಕರಣಗಳು ಶೇ 10ರಷ್ಟು, ಹೆಚ್ಚು ತೀವ್ರತೆಯಲ್ಲಿ ಶೇ 36ರಷ್ಟು ಹೆಚ್ಚಾಗಿದ್ದವು. ಕೇಳಿದರೆ ಗಾಬರಿಯಾಗುತ್ತದೆ. ಆದರೆ ಮೊದಲು ಮಧುಮೇಹ ಇಲ್ಲದಿದ್ದವರಲ್ಲಿ ಸಕ್ಕರೆಯ ಸರಾಸರಿ ಏರಿಕೆ ಡೆಸಿಲೀಟರ್‌ಗೆ ಒಂದು ಮಿಲಿಗ್ರಾಂ ಕೂಡ ಇರಲಿಲ್ಲ. ಹೊಸ ಪ್ರಕರಣಗಳಲ್ಲಿ ಸುಮಾರು ಶೇ 62 ಕಂಡುಬಂದದ್ದು ಮೊದಲೇ ಸಕ್ಕರೆ ಹೆಚ್ಚಿದ್ದ ಕಾಲುಭಾಗದವರಲ್ಲಿ. ಕೆಂಪು ರಕ್ತಕಣಕ್ಕೆ ಅಂಟಿದ ಸಕ್ಕರೆಯ ಮೂಲಕ ಕೆಲವು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.4ರಲ್ಲಿದ್ದವರು ಮಧುಮೇಹದ ಗಡಿಯಾದ 6.5 ಮುಟ್ಟಿದರೆ ಕಾಗದದ ಮೇಲೆ ರೋಗಿಗಳಾಗುತ್ತಾರೆ. ದೇಹದಲ್ಲಿ ಆದ ಬದಲಾವಣೆ ಮಾತ್ರ ಬಹಳ ಚಿಕ್ಕದು. ಶೇಕಡಾವಾರು ಏರಿಕೆಯನ್ನಷ್ಟೇ ಹೇಳಿ ಈ ಅಳತೆಯನ್ನು ಬಿಟ್ಟರೆ ಓದುಗರಿಗೆ ಅನ್ಯಾಯವಾಗುತ್ತದೆ.

ಈಗಾಗಲೇ ಮಧುಮೇಹ ಇರುವವರ ಪ್ರಶ್ನೆ ಬೇರೆ. ಅದೇ ವಿಶ್ಲೇಷಣೆಯ ಪ್ರಕಾರ ಅವರಲ್ಲಿ ಸಕ್ಕರೆಯ ನಿಯಂತ್ರಣ ಕೆಡುವ ಸಾಧ್ಯತೆ ಚಿಕಿತ್ಸೆಯ ತೀವ್ರತೆಗೆ ತಕ್ಕಂತೆ ಶೇ 10 ಅಥವಾ ಶೇ 24ರಷ್ಟು ಹೆಚ್ಚು. ಇದರ ಎದುರಿಗೆ ತೂಗಬೇಕಾದದ್ದು 2004ರ ‘ಕಾರ್ಡ್ಸ್’ ಪ್ರಯೋಗ. ಹೃದ್ರೋಗವಿಲ್ಲದ 2,838 ಮಧುಮೇಹಿಗಳಲ್ಲಿ ದಿನಕ್ಕೆ 10 ಮಿಲಿಗ್ರಾಂ ಅಟೊರ್ವಾಸ್ಟ್ಯಾಟಿನ್ ಹೃದಯಾಘಾತ, ಪಾರ್ಶ್ವವಾಯುವಿನಂತಹ ದೊಡ್ಡ ಆಘಾತಗಳನ್ನು ಶೇ 37ರಷ್ಟು ತಗ್ಗಿಸಿತು. ಪ್ರಯೋಜನ ಅಷ್ಟು ಸ್ಪಷ್ಟವಾಗಿದ್ದರಿಂದ ಪ್ರಯೋಗವನ್ನು ಎರಡು ವರ್ಷ ಮೊದಲೇ ಮುಗಿಸಲಾಯಿತು. ಏರಿದ ಸಕ್ಕರೆಯನ್ನು ಊಟ, ನಡಿಗೆ, ಮೆಟ್‌ಫಾರ್ಮಿನ್ ಅಥವಾ ಇನ್ಸುಲಿನ್‌ನ ಪ್ರಮಾಣದಿಂದ ಸರಿಪಡಿಸಬಹುದು. ಸತ್ತ ಹೃದಯಸ್ನಾಯುವನ್ನು ಮರಳಿ ತರುವ ಮಾತ್ರೆ ಇಲ್ಲ.

ಏರಿಕೆಗೆ ಕಾರಣ ಔಷಧ ಕೆಲಸ ಮಾಡುವ ಜಾಗದಲ್ಲೇ ಇದೆ. ಸ್ಟ್ಯಾಟಿನ್ ತಡೆಯುವ ಕಿಣ್ವವನ್ನು ರೂಪಿಸುವ ಜೀನ್‌ನಲ್ಲಿ ಹುಟ್ಟಿನಿಂದಲೇ ಕೆಲವು ವ್ಯತ್ಯಾಸಗಳಿರುವವರಲ್ಲಿ ‘ಕೆಟ್ಟ ಕೊಲೆಸ್ಟ್ರಾಲ್’ ಎನಿಸಿದ ಎಲ್‌ಡಿಎಲ್ ತುಸು ಕಡಿಮೆ, ತೂಕ ಮತ್ತು ಸಕ್ಕರೆ ತುಸು ಹೆಚ್ಚು ಎಂದು 2015ರ ಅಧ್ಯಯನವೊಂದು ತೋರಿಸಿತು. ಆದ್ದರಿಂದ ತೂಕ ಏರಲು ಬಿಡದಿರುವುದು ಇಲ್ಲಿ ಇಮ್ಮಡಿ ಮುಖ್ಯ.

ಹಾಗಾದರೆ ಮಾತ್ರೆಯ ಪಾಲು ಎಷ್ಟೆಂದು ಗುರುತಿಸುವುದು ಹೇಗೆ? ಶುರುಮಾಡುವ ಮುನ್ನ ಎಚ್‌ಬಿಎ1ಸಿ ನೋಡಿಟ್ಟುಕೊಂಡಿರಬೇಕು. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ, ಆದ್ದರಿಂದ ಮರುಪರೀಕ್ಷೆ ಮೂರು ತಿಂಗಳ ಬಳಿಕ. ಮದುವೆಯೂಟ ಮುಗಿಸಿದ ಮರುದಿನ ಬೆರಳು ಚುಚ್ಚಿ ನೋಡಿದ ಒಂದು ಅಂಕಿ ಸ್ಟ್ಯಾಟಿನ್ ವಿರುದ್ಧ ಸಾಕ್ಷಿಯಾಗಲಾರದು. ಏರಿಕೆ ದೊಡ್ಡದಿದ್ದರೆ ಸೋಂಕು, ಸ್ಟೀರಾಯ್ಡ್, ತಪ್ಪಿದ ಶುಗರ್ ಮಾತ್ರೆಗಳನ್ನು ಮೊದಲು ಹುಡುಕಬೇಕು; ಸ್ಟ್ಯಾಟಿನ್ ಒಂದೇ ಅಷ್ಟು ಏರಿಸುವುದು ಅಪರೂಪ.

ನಮ್ಮವರ ಮಟ್ಟಿಗೆ ಪ್ರಮಾಣದ ವಿಷಯವೂ ಇದೆ. ಒಂದೇ ಪ್ರಮಾಣದ ರೊಸುವಾಸ್ಟ್ಯಾಟಿನ್ ಕೊಟ್ಟಾಗ ಏಷ್ಯಾ ಮೂಲದವರ ರಕ್ತದಲ್ಲಿ ಔಷಧದ ಮಟ್ಟ ಬಿಳಿಯರಿಗಿಂತ ಸುಮಾರು ಇಮ್ಮಡಿಯಾಗುತ್ತದೆ. ಆದಕಾರಣ ಅಮೆರಿಕದಲ್ಲಿ ಏಷ್ಯಾದವರಿಗೆ 5 ಮಿಲಿಗ್ರಾಂನಿಂದ ಆರಂಭಿಸಲು ಸೂಚನೆಯಿದೆ. ಸಕ್ಕರೆ ಏರಿತೆಂದು ಬರುವ ರೋಗಿಗೆ ವೈದ್ಯರು ಪ್ರಮಾಣ ತಗ್ಗಿಸಬಹುದು, ಸಕ್ಕರೆಯ ಮೇಲೆ ಹೇಳಿಕೊಳ್ಳುವಂಥ ಪ್ರಭಾವವಿಲ್ಲದ ಎಜೆಟಿಮೈಬ್ ಎಂಬ ಬೇರೆ ಕೊಲೆಸ್ಟ್ರಾಲ್ ಮಾತ್ರೆಯನ್ನು ಜೊತೆಗೂಡಿಸಿ ಎಲ್‌ಡಿಎಲ್ ಗುರಿಯನ್ನು ಕಾಯ್ದುಕೊಳ್ಳಬಹುದು. ಈ ದಾರಿಗಳು ತೆರೆದಿವೆಯೆಂದು ಮೊದಲ ಚೀಟಿ ಬರೆಯುವ ದಿನವೇ ರೋಗಿಗೆ ಹೇಳಿರಬೇಕು.